ಕೆಲಸದ ಜಾಗದಲ್ಲಿ ಗಾಯವಾದರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪತ್ರ ಬರೆದವರಲ್ಲಿ ಹೆಚ್ಚಿನವರು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ: "ನಿನ್ನದೇ ತಪ್ಪು" ಎಂದು ಮಾಲೀಕರು ಹೇಳಿದ ಮೇಲೂ ಪರಿಹಾರ ಕೇಳಬಹುದೇ? ಖಂಡಿತ ಕೇಳಬಹುದು. ಯಾಕೆ ಎಂಬುದು ಮೊದಲ ಉತ್ತರದಲ್ಲೇ ಇದೆ. ಕಾನೂನಿನ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಲಿ. 1923ರ ನೌಕರರ ಪರಿಹಾರ ಕಾಯ್ದೆ ಮತ್ತು 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆ ದಿನಕ್ಕೂ ಮೊದಲು ನಡೆದ ಅಪಘಾತಕ್ಕೆ ಹಳೆಯ ಕಾಯ್ದೆಯೇ ಅನ್ವಯ. ಪರಿಹಾರ ಲೆಕ್ಕ ಹಾಕುವ ಸೂತ್ರ ಮಾತ್ರ ಎರಡರಲ್ಲೂ ಒಂದೇ.

ಪ್ರಶ್ನೆ: ನನ್ನ ತಮ್ಮ ಪೀಣ್ಯದ ಒಂದು ಶೀಟ್ ಮೆಟಲ್ ಶೆಡ್‌ನಲ್ಲಿ ಪವರ್ ಪ್ರೆಸ್ (ತಗಡು ಒತ್ತುವ ಯಂತ್ರ) ಆಪರೇಟರ್. ವಯಸ್ಸು 32, ಸಂಬಳ 18,000 ರೂ. ಎರಡು ತಿಂಗಳ ಹಿಂದೆ ಪ್ರೆಸ್‌ಗೆ ಸಿಕ್ಕಿ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡದಿಂದ ಹೋದವು. ಅಲ್ಲಿ ಒಟ್ಟು ಏಳು ಜನ ಇದ್ದಾರೆ, ಇಎಸ್‌ಐ ಇಲ್ಲ. ಆಸ್ಪತ್ರೆ ಬಿಲ್ ಮಾಲೀಕರೇ ಕಟ್ಟಿದರು. ಈಗ "ನೋಡದೆ ಕೈ ಇಟ್ಟಿದ್ದು ಅವನು. ಆದರೂ ಮನುಷ್ಯತ್ವಕ್ಕೆ 60,000 ಕೊಡುತ್ತೇನೆ" ಎಂದು ಛಾಪಾ ಕಾಗದಕ್ಕೆ ಸಹಿ ಹಾಕಲು ಹೇಳುತ್ತಿದ್ದಾರೆ. ಏನು ಮಾಡಲಿ?
— ಓದುಗರು, ದಾಸರಹಳ್ಳಿ

ಉತ್ತರ: ಸಹಿ ಹಾಕಿಸಬೇಡಿ. ಯಾಕೆಂದು ಲೆಕ್ಕ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಕಾನೂನು ಹೇಳುವ ಸೂತ್ರ ಇದು: ತಿಂಗಳ ಸಂಬಳದ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ಗರಿಷ್ಠ 15,000 ರೂ. 2020ರ ಜನವರಿ 3ರ ಅಧಿಸೂಚನೆಗೆ ಮೊದಲು ಈ ಮಿತಿ 8,000 ಇತ್ತು. 32ನೇ ವಯಸ್ಸಿನ ಗುಣಕ 203.85. ಹಾಗಾಗಿ 9,000ವನ್ನು 203.85ರಿಂದ ಗುಣಿಸಿದರೆ 18,34,650 ರೂ. ಇದು ಪೂರ್ಣ ವೈಕಲ್ಯದ ಮೊತ್ತ. ಒಂದೇ ಕೈಯ ಎರಡು ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 20 ನಷ್ಟ ಎಂದು ಕಾಯ್ದೆಯ ಪಟ್ಟಿ ಹೇಳುತ್ತದೆ. ಆ ಪ್ರಕಾರ ನಿಮ್ಮ ತಮ್ಮನಿಗೆ ಬರಬೇಕಾದದ್ದು 3,66,930 ರೂ. ಕೊಡುತ್ತೇನೆ ಎನ್ನುತ್ತಿರುವ ಮೊತ್ತ ಇದರ ಆರನೇ ಒಂದು ಭಾಗಕ್ಕೂ ಕಡಿಮೆ.

ಪಟ್ಟಿಯ ಶೇಕಡಾ ಕೊನೆಯ ಮಾತೂ ಅಲ್ಲ. ಎಡಗೈಯನ್ನು ಮೊಣಕೈ ಮೇಲಿನಿಂದ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣವನ್ನು 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಒಂದೇ ಕೈಯಲ್ಲಿ ಮರಗೆಲಸ ಸಾಧ್ಯವಿಲ್ಲ, ಹಾಗಾಗಿ ಗಳಿಕೆಯ ನಷ್ಟ ಶೇ. 100 ಎಂದು ಕೋರ್ಟ್ ಒಪ್ಪಿತು. ಬಲಗೈಯ ಹಿಡಿತ ಹೋದ ಪ್ರೆಸ್ ಆಪರೇಟರ್ ಮತ್ತೆ ಅದೇ ಕೆಲಸ ಮಾಡಬಲ್ಲನೇ ಎಂಬುದನ್ನು ಸರ್ಕಾರಿ ಆಸ್ಪತ್ರೆಯ ಮೂಳೆ ತಜ್ಞರಿಂದ ಬರೆಸಿಕೊಳ್ಳಿ. "ಕೈಗೆ ಶೇ. ಇಷ್ಟು ಊನ" ಎಂದಷ್ಟೇ ಇದ್ದರೆ ಸಾಲದು. ಹಿಡಿತ, ಭಾರ ಎತ್ತುವುದು, ಸಣ್ಣ ಬಿಡಿಭಾಗ ಹಿಡಿಯುವುದು ಇವುಗಳಲ್ಲಿ ಏನೇನು ಆಗುವುದಿಲ್ಲ ಎಂದು ಬಿಡಿಸಿ ಬರೆದಿರಬೇಕು.

ಇನ್ನು "ಅಜಾಗರೂಕತೆ"ಯ ಮಾತು. ಗಮನ ತಪ್ಪಿತು, ಆತುರಪಟ್ಟ ಎಂಬ ಕಾರಣಕ್ಕೆ ಪರಿಹಾರ ನಿರಾಕರಿಸಲು ಈ ಕಾನೂನಿನಲ್ಲಿ ಅವಕಾಶವೇ ಇಲ್ಲ. ಮಾಲೀಕರಿಗೆ ವಿನಾಯಿತಿ ಸಿಗುವುದು ಮೂರೇ ಸಂದರ್ಭದಲ್ಲಿ. ನೌಕರ ಕುಡಿದು ಅಥವಾ ಮಾದಕ ವಸ್ತು ಸೇವಿಸಿ ಅದರಿಂದಲೇ ಅಪಘಾತವಾಗಿರಬೇಕು. ಸುರಕ್ಷತೆಗೆಂದೇ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿರಬೇಕು. ಅಥವಾ ಯಂತ್ರಕ್ಕೆ ಕೈ ಸಿಗದಂತೆ ಹಾಕಿದ್ದ ಗಾರ್ಡನ್ನು ಬೇಕೆಂದೇ ತೆಗೆದುಹಾಕಿರಬೇಕು. ಸಾವು ಅಥವಾ ಶಾಶ್ವತ ಪೂರ್ಣ ವೈಕಲ್ಯ ಆಗಿದ್ದರೆ ಈ ಮೂರೂ ನೆಪ ನಿಲ್ಲುವುದಿಲ್ಲ. ಪ್ರೆಸ್‌ಗೆ ಗಾರ್ಡೇ ಇರಲಿಲ್ಲ ಎಂದಾದರೆ ತೆಗೆದುಹಾಕಿದ ಮಾತೇ ಬರುವುದಿಲ್ಲ. ಆದ್ದರಿಂದ ಆ ಯಂತ್ರದ ಫೋಟೊ ಇವತ್ತೇ ಸಿಗುವಂತಿದ್ದರೆ ತೆಗೆಸಿಡಿ. ಅಪಘಾತವಾದ ಒಂದೆರಡು ವಾರದಲ್ಲಿ ಹೊಸ ಗಾರ್ಡ್ ಕೂರಿಸಿ "ಇದು ಮೊದಲಿಂದಲೂ ಇತ್ತು" ಎನ್ನುವವರಿದ್ದಾರೆ.

ಸೇರಿಸಬೇಕಾದ ದಾಖಲೆಗಳಲ್ಲಿ ಮೊದಲನೆಯದು ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ನಮೂದು ಮತ್ತು ಡಿಸ್ಚಾರ್ಜ್ ಸಮ್ಮರಿ. ಗಾಯ ಹೇಗಾಯಿತು ಎಂಬಲ್ಲಿ ಏನು ಬರೆದಿದ್ದಾರೆ ನೋಡಿ. ಕರೆದುಕೊಂಡು ಹೋದ ಸೂಪರ್‌ವೈಸರ್ "ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು" ಎಂದು ಹೇಳಿ ಬರೆಸಿದ್ದರೆ ಇಡೀ ಪ್ರಕರಣ ಅಲ್ಲೇ ಕುಂಟುತ್ತದೆ. ಹಾಗಾಗಿದ್ದರೆ ಆಸ್ಪತ್ರೆಯ ಮುಖ್ಯಸ್ಥರಿಗೂ ಪೊಲೀಸ್ ಠಾಣೆಗೂ ನಿಜ ಸಂಗತಿಯನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಎರಡನೆಯದು ಅಲ್ಲಿ ಕೆಲಸ ಮಾಡುತ್ತಿದ್ದುದಕ್ಕೆ ಪುರಾವೆ. ನೇಮಕದ ಪತ್ರ ಇಲ್ಲದಿದ್ದರೆ ಬ್ಯಾಂಕ್‌ಗೆ ಅಥವಾ ಫೋನ್‌ಪೇಗೆ ಬಂದ ಸಂಬಳ, ಓವರ್‌ಟೈಮ್ ಬಗ್ಗೆ ಬಂದ ವಾಟ್ಸ್ಆ್ಯಪ್ ಸಂದೇಶ, ಹಾಜರಾತಿ ಪುಸ್ತಕದ ಫೋಟೊ, ಜೊತೆಗಾರರ ಹೇಳಿಕೆ ಎಲ್ಲವೂ ನಡೆಯುತ್ತವೆ. ಆಸ್ಪತ್ರೆ ಬಿಲ್ ಮಾಲೀಕರ ಖಾತೆಯಿಂದ ಹೋಗಿದ್ದರೆ ಅದೂ ಒಳ್ಳೆಯ ಪುರಾವೆಯೇ. ಆ ಬಿಲ್ಲಿನ ಹಣವನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ. ಚಿಕಿತ್ಸೆಯ ಖರ್ಚು ಕೊಡುವುದು ಅವರ ಪ್ರತ್ಯೇಕ ಹೊಣೆ.

ಆಮೇಲೆ ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿ: ಹೆಸರು, ವಿಳಾಸ, ದಿನಾಂಕ, ವೇಳೆ, ಯಾವ ಯಂತ್ರ, ಏನು ಗಾಯ. ಅಪಘಾತವಾಗಿ ಎರಡು ವರ್ಷದೊಳಗೆ ಪರಿಹಾರ ಪ್ರಾಧಿಕಾರದ ಮುಂದೆ ಅರ್ಜಿ ಹೋಗಬೇಕು. ಕರ್ನಾಟಕದಲ್ಲಿ ಈ ಅರ್ಜಿಗಳು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ವಿಚಾರಣೆಗೆ ಬರುತ್ತಾ ಬಂದಿವೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರೆ ಅಥವಾ 15100ಕ್ಕೆ ಕರೆ ಮಾಡಿದರೆ ಉಚಿತ ವಕೀಲರೂ ಸಿಗುತ್ತಾರೆ, ಅರ್ಜಿ ಎಲ್ಲಿ ಕೊಡಬೇಕೆಂಬುದೂ ತಿಳಿಯುತ್ತದೆ. ಕಾರ್ಖಾನೆಯ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ನೆರವು ಪಡೆಯಲು ಆದಾಯದ ಮಿತಿ ಇಲ್ಲ. "ಬಂದದ್ದರಲ್ಲಿ ಮೂರನೇ ಒಂದು ಪಾಲು ಕೊಡಿ" ಎನ್ನುವ ಮಧ್ಯವರ್ತಿಗಳ ಕೈಗೆ ಕಾಗದ ಕೊಡಬೇಡಿ. ಗೆದ್ದ ಮೊತ್ತದಲ್ಲಿ ಪಾಲು ಕೇಳುವುದು ವಕೀಲರಿಗೂ ನಿಷಿದ್ಧ.

ಮನೆಯಲ್ಲಿ ಕೂತ ದಿನಗಳಿಗೂ ಹಣವಿದೆ. 15 ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25 ಕೊಡಬೇಕು. ನಿಮ್ಮ ತಮ್ಮನ ಲೆಕ್ಕದಲ್ಲಿ ಪ್ರತಿ ಬಾರಿ 3,750 ರೂ. ಕೆಲಸಕ್ಕೆ ಹೋಗಲಾಗದ ಅವಧಿ 28 ದಿನ ತಲುಪಿದರೆ ಇದು ಮೊದಲ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಹೀಗೆ ಕೊಟ್ಟದ್ದನ್ನು ಕೊನೆಯ ಇಡಿಗಂಟಿನಲ್ಲಿ ಕಳೆದುಕೊಳ್ಳುತ್ತಾರೆ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಮೊತ್ತದ ಅರ್ಧದವರೆಗೆ ದಂಡ. ಮಾಲೀಕರು ವಿಮೆ ಮಾಡಿಸಿದ್ದರೂ ಈ ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ, ಮಾಲೀಕರ ಕೈಯಿಂದಲೇ ಹೋಗುತ್ತದೆ. ರಾಜಿ ಮಾತುಕತೆಗೆ ಕೂತಾಗ ಇದನ್ನು ಹೇಳಿ.

ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರು ಕಾನೂನಿನ ಮುಂದೆ ಅಸಿಂಧು. ರಾಜಿ ಆಗುವುದಾದರೂ ಆ ಒಪ್ಪಂದ ಪ್ರಾಧಿಕಾರದ ಮುಂದೆ ನೋಂದಣಿಯಾಗಬೇಕು. ಹಾಗೆಂದು ಸಹಿ ಹಾಕಿ ಆಮೇಲೆ ನೋಡೋಣ ಎಂದುಕೊಳ್ಳಬೇಡಿ. ಅದನ್ನು ಬಿಡಿಸಿಕೊಳ್ಳಲು ವರ್ಷವೇ ಹಿಡಿದೀತು.

ಒಂದು ಎಚ್ಚರಿಕೆ: ಏಳು ಜನ ಎಂದಿದ್ದೀರಿ. ಲೋಡಿಂಗ್‌ನವರು, ಗುತ್ತಿಗೆಯವರು, ಪ್ಯಾಕಿಂಗ್ ಹೆಂಗಸರು ಎಲ್ಲರನ್ನೂ ಸೇರಿಸಿ ಎಣಿಸಿ ನೋಡಿ. ಹತ್ತು ಮುಟ್ಟಿದರೆ ಅದು ಇಎಸ್‌ಐ ವ್ಯಾಪ್ತಿ, ಆಗ ದಾರಿಯೇ ಬೇರೆ. ಮಾಲೀಕರು ನೋಂದಾಯಿಸದೆ ಇದ್ದದ್ದು ನೌಕರನ ತಪ್ಪಲ್ಲ. ಇಎಸ್‌ಐ ನಿಗಮವೇ ಸೌಲಭ್ಯ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದು.

ಪ್ರಶ್ನೆ: ತುಂಡಾದ ಬೆರಳನ್ನು ಐಸ್‌ನಲ್ಲಿ ಹಾಕಿ ಒಯ್ದರೂ ಜೋಡಿಸಲು ಆಗಲಿಲ್ಲ ಎಂದು ನಮ್ಮ ಕಡೆ ಒಂದು ಪ್ರಕರಣದಲ್ಲಿ ವೈದ್ಯರು ಹೇಳಿದರು. ಯಾಕೆ?
— ಓದುಗರು, ಹರಿಹರ

ಉತ್ತರ: ಐಸ್ ನೇರವಾಗಿ ತಾಗಿದರೆ ಬೆರಳಿನ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ನೀರಲ್ಲಿ ಮುಳುಗಿಸಿಟ್ಟರೆ ಚರ್ಮ ಉಬ್ಬಿ ನರಗಳು ಹಾಳಾಗುತ್ತವೆ. ಬೆರಳನ್ನು ಶುದ್ಧ ನೀರಲ್ಲಿ ಅಥವಾ ಸಲೈನ್‌ನಲ್ಲಿ ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಗಾಜ್ ಅಥವಾ ಶುಭ್ರ ಬಟ್ಟೆಯಲ್ಲಿ ಸುತ್ತಿ. ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಿರಿ. ಆ ಚೀಲವನ್ನು ಐಸ್ ಮತ್ತು ನೀರು ಇರುವ ಇನ್ನೊಂದು ಚೀಲದಲ್ಲಿಡಿ. ಹೀಗೆ ತಣ್ಣಗಿಟ್ಟ ಬೆರಳಿಗೆ ಹನ್ನೆರಡು ಗಂಟೆಗೂ ಹೆಚ್ಚು ಕಾಲಾವಕಾಶ ಸಿಗುತ್ತದೆ. ಮಾಂಸಖಂಡ ಇರುವ ಮುಂಗೈ ಅಥವಾ ತೋಳಾದರೆ ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಶುರುವಾಗಬೇಕು. ಗಾಯದ ಜಾಗವನ್ನು ಒತ್ತಿ ಹಿಡಿದು ಕೈ ಮೇಲೆತ್ತಿ. ಅರಿಶಿನ, ಕಾಫಿಪುಡಿ ಹಾಕಬೇಡಿ. ಅರಿವಳಿಕೆ ಕೊಡಬೇಕಾಗುವುದರಿಂದ ಕುಡಿಯಲು, ತಿನ್ನಲು ಏನೂ ಕೊಡಬೇಡಿ. ಮೈಕ್ರೊ ಸರ್ಜರಿ ಇರುವ ಆಸ್ಪತ್ರೆಗೆ ಹೊರಡುವ ಮೊದಲೇ ಫೋನ್ ಮಾಡಿ. ಜಜ್ಜಿಹೋದ ಬೆರಳನ್ನು ಜೋಡಿಸುವುದು ಕಷ್ಟ, ಆದರೆ ಅದನ್ನು ನಿರ್ಧರಿಸಬೇಕಾದವರು ಸರ್ಜನ್. ತುಂಡನ್ನು ಬಿಸಾಡದೆ ಒಯ್ಯಿರಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್, ಕೀ ಕ್ಲಚ್‌ನ ಐದು ಪವರ್ ಪ್ರೆಸ್‌ಗಳಿವೆ. ಒಮ್ಮೆ ಪೆಡಲ್ ಒತ್ತಿದರೆ ಕೆಲವು ಸಲ, ಮೇಲಿಂದ ಇಳಿದು ತಗಡನ್ನು ಒತ್ತುವ ರ‍್ಯಾಮ್ ಎರಡು ಬಾರಿ ಇಳಿಯುತ್ತದೆ. ಲೈಟ್ ಕರ್ಟನ್ ಹಾಕಿಸಿದರೆ ಸಾಕು ಎಂದು ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಹಾಕಿಸಲೇ?
— ಓದುಗರು, ಹುಬ್ಬಳ್ಳಿ

ಉತ್ತರ: ಹಾಕಿಸಬೇಡಿ. ಆ ಹಣ ಬೇರೆ ಕಡೆ ಖರ್ಚಾಗಲಿ. ಎರಡು ಬಾರಿ ಇಳಿಯುವ ಪ್ರೆಸ್‌ನ ಮೇನ್ ಸ್ವಿಚ್ಚಿಗೆ ಇವತ್ತೇ ಬೀಗ ಹಾಕಿ. ರಿಪೇರಿಯಾಗುವವರೆಗೆ ಅದರಲ್ಲಿ ಒಂದು ಪೀಸ್ ಕೂಡ ತೆಗೆಯಬಾರದು.

ಲೈಟ್ ಕರ್ಟನ್ ಅಂದರೆ ಬೆಳಕಿನ ಕಿರಣಗಳ ಪರದೆ. ಅದು ಕೈಯನ್ನು ಕಂಡ ಕ್ಷಣ ಯಂತ್ರಕ್ಕೆ "ನಿಲ್ಲು" ಎನ್ನುತ್ತದೆ. ಯಂತ್ರ ನಿಲ್ಲುವಂತಿದ್ದರೆ ಮಾತ್ರ ಅದರಿಂದ ಪ್ರಯೋಜನ. ಕೀ ಕ್ಲಚ್ ಪ್ರೆಸ್‌ನಲ್ಲಿ ಕೀ ಒಮ್ಮೆ ಫ್ಲೈವೀಲ್‌ಗೆ (ತಿರುಗುತ್ತಲೇ ಇರುವ ಭಾರದ ಚಕ್ರಕ್ಕೆ) ಕಚ್ಚಿಕೊಂಡರೆ ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಮುಗಿಸಿಯೇ ಬಿಡುವುದು. ನಡುದಾರಿಯಲ್ಲಿ ನಿಲ್ಲಿಸುವ ವ್ಯವಸ್ಥೆ ಅದಕ್ಕಿಲ್ಲ. ಲೈಟ್ ಕರ್ಟನ್, ಎಮರ್ಜೆನ್ಸಿ ಬಟನ್ ಎರಡೂ ಅಲ್ಲಿ ನಿರುಪಯೋಗಿ. ಅವು ಕೆಲಸ ಮಾಡುವುದು ಗಾಳಿಯೊತ್ತಡದ ಫ್ರಿಕ್ಷನ್ ಕ್ಲಚ್ ಇರುವ ಪ್ರೆಸ್‌ನಲ್ಲಿ. ಕೀ ಕ್ಲಚ್ ಪ್ರೆಸ್‌ಗೆ ಲೈಟ್ ಕರ್ಟನ್ ಮಾರುವವರು ಸುರಕ್ಷತೆಯ ಹೆಸರಲ್ಲಿ ಸುಳ್ಳು ಧೈರ್ಯ ಮಾರುತ್ತಾರೆ. ಆಪರೇಟರ್ ಅದನ್ನು ನಂಬಿ ಕೈ ಇಡುತ್ತಾನೆ.

ಎರಡನೇ ಸ್ಟ್ರೋಕ್‌ಗೆ ಮುಖ್ಯವಾಗಿ ನಾಲ್ಕು ಕಾರಣ ಹುಡುಕಿ. ರೋಲಿಂಗ್ ಕೀಯ ಅಂಚು ಸವೆದು ದುಂಡಗಾಗಿರುತ್ತದೆ. ಕೀಯನ್ನು ಹಿಂದಕ್ಕೆಳೆಯುವ ಲ್ಯಾಚ್‌ನ ಸ್ಪ್ರಿಂಗ್ ಸಡಿಲವಾಗಿ ಅಥವಾ ತುಂಡಾಗಿರುತ್ತದೆ. ಬ್ರೇಕ್ ಲೈನಿಂಗ್ ಸವೆದು ಅಥವಾ ಎಣ್ಣೆ ಕುಡಿದು ಕ್ರ್ಯಾಂಕ್ ಮೇಲಿನ ತುದಿಯಲ್ಲಿ ನಿಲ್ಲದೆ ಮುಂದೆ ಜಾರುತ್ತದೆ. ಇಲ್ಲವೇ ಒಂದೇ ಸ್ಟ್ರೋಕ್‌ಗೆ ಬಿಡಿಸುವ ನಾನ್-ರಿಪೀಟ್ ವ್ಯವಸ್ಥೆಯನ್ನೇ ಯಾರೋ ಕಳಚಿಟ್ಟಿರುತ್ತಾರೆ, ಆಗ ಕಾಲು ಪೆಡಲ್ ಮೇಲೆ ಅರೆಕ್ಷಣ ಹೆಚ್ಚು ನಿಂತರೂ ರ‍್ಯಾಮ್ ಮತ್ತೆ ಇಳಿಯುತ್ತದೆ. ಎಳೆಯುವ ಸ್ಪ್ರಿಂಗ್ ಬದಲು ಸರಳಿನ ಮೇಲೆ ಕೂತು ಒತ್ತುವ ಸ್ಪ್ರಿಂಗ್ ಹಾಕಿಸಿ. ಅದು ತುಂಡಾದರೂ ಕಳಚಿ ಬೀಳುವುದಿಲ್ಲ, ಒತ್ತಡ ಸ್ವಲ್ಪ ಉಳಿದಿರುತ್ತದೆ. ಪ್ರತಿ ಪಾಳಿ ಶುರುವಾಗುವ ಮೊದಲು ಶೀಟ್ ಇಲ್ಲದೆ ಹತ್ತಾರು ಸ್ಟ್ರೋಕ್ ಓಡಿಸಿ ಕ್ರ್ಯಾಂಕ್ ಪ್ರತಿ ಸಲವೂ ಮೇಲಿನ ತುದಿಯಲ್ಲೇ ನಿಲ್ಲುತ್ತದೆಯೇ ನೋಡಬೇಕು. ನೋಡಿದವರು ಪುಸ್ತಕದಲ್ಲಿ ಸಹಿ ಹಾಕಲಿ.

ಗಾರ್ಡ್ ವಿಷಯಕ್ಕೆ ಬಂದರೆ, ಕೀ ಕ್ಲಚ್‌ಗೆ ಸರಿಯಾದದ್ದು ಡೈ (ಅಚ್ಚು) ಸುತ್ತ ಬೋಲ್ಟ್ ಹಾಕಿ ಬಿಗಿದ ಫಿಕ್ಸ್ಡ್ ಗಾರ್ಡ್. ಶೀಟ್ ಒಳಹೋಗುವ ಸಂದು 6 ಮಿ.ಮೀ. ದಾಟದಿದ್ದರೆ ಬೆರಳು ಒಳಗೆ ಹೋಗಲಾರದು. ಸಂದಿನಿಂದ ಪಂಚ್‌ಗೆ ಕನಿಷ್ಠ 10 ಮಿ.ಮೀ. ಅಂತರವಿರಲಿ. ಸಂದು 10 ಮಿ.ಮೀ.ವರೆಗೆ ದೊಡ್ಡದಾಗುವುದಾದರೆ ಅಂತರ 80 ಮಿ.ಮೀ. ಬೇಕು. ಒಂದೊಂದಾಗಿ ಪೀಸ್ ಇಟ್ಟು ತೆಗೆಯಲೇಬೇಕಾದ ಕೆಲಸಕ್ಕೆ ಇಂಟರ್‌ಲಾಕ್ ಗಾರ್ಡ್ ಇರಲಿ: ಗೇಟ್ ಮುಚ್ಚದೆ ಕ್ಲಚ್ ಕಚ್ಚಬಾರದು, ಸುತ್ತು ಮುಗಿಯದೆ ಗೇಟ್ ತೆರೆಯಬಾರದು. ಎರಡು ಕೈಗಳಿಂದಲೂ ಒತ್ತಬೇಕಾದ ಬಟನ್ ಒಳ್ಳೆಯದೇ, ಆದರೆ ಎರಡನೇ ಸ್ಟ್ರೋಕ್‌ನಿಂದ ಅದು ಕಾಪಾಡುವುದಿಲ್ಲ. ಅದನ್ನು ಹಾಕುವುದಾದರೆ ಎರಡೂ ಬಟನ್ ಅರ್ಧ ಸೆಕೆಂಡ್ ಒಳಗೆ ಒಟ್ಟಿಗೆ ಒತ್ತಿದಾಗ ಮಾತ್ರ ಓಡುವಂತಿರಲಿ. ಇಲ್ಲದಿದ್ದರೆ ಒಂದು ಬಟನ್‌ಗೆ ಬಟ್ಟೆ ಕಟ್ಟಿ ಅಥವಾ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುತ್ತಾರೆ.

ಅಗ್ಗದ ಕೆಲಸಗಳನ್ನು ಮೊದಲು ಮುಗಿಸಿ. ಪೆಡಲ್ ಮೇಲೆ ಮತ್ತು ಪಕ್ಕಗಳಲ್ಲಿ ತಗಡಿನ ಮುಚ್ಚಳ ಇರಲಿ, ಬಿದ್ದ ಸ್ಕ್ರ್ಯಾಪ್ ಅದನ್ನು ಒತ್ತಬಾರದು. ಪೀಸ್ ಇಡಲು ಅಲ್ಯೂಮಿನಿಯಂ ಚಿಮಟ ಅಥವಾ ಮ್ಯಾಗ್ನೆಟ್ ಕೊಡಿ. ಪಂಚ್ ಅದರ ಮೇಲೆ ಬಿದ್ದರೂ ಅಲ್ಯೂಮಿನಿಯಂ ಮೆದುವಾದ್ದರಿಂದ ಡೈಗೆ ಪೆಟ್ಟು ಕಡಿಮೆ. ಪೀಸ್ ಹೊರಹಾಕಲು ಕಂಪ್ರೆಸರ್ ಗಾಳಿ ಬಳಸಿ. ಡೈ ಕಟ್ಟುವಾಗ ಮೋಟರ್ ಆಫ್ ಮಾಡಿದ ಮಾತ್ರಕ್ಕೆ ಯಂತ್ರ ನಿಂತಂತಲ್ಲ. ಫ್ಲೈವೀಲ್ ಇನ್ನೂ ತಿರುಗುತ್ತಿರುತ್ತದೆ, ಅದರಲ್ಲಿ ಒಂದು ಸ್ಟ್ರೋಕ್‌ಗೆ ಬೇಕಾದ ಶಕ್ತಿ ಉಳಿದಿರುತ್ತದೆ. ಅದು ಪೂರ್ತಿ ನಿಲ್ಲಲಿ, ಸ್ವಿಚ್ಚಿಗೆ ಬೀಗ ಬೀಳಲಿ, ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ನಿಲ್ಲಲಿ, ಆಮೇಲೆ ಕೈ ಒಳಗೆ ಹೋಗಲಿ.

ಇನ್ನೂ ಒಂದು ಮಾತು, ದಯವಿಟ್ಟು ಬೇಸರಿಸಬೇಡಿ. ಪೀಸ್ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರೆ ಆಪರೇಟರ್ ನಿಮ್ಮ ಗಾರ್ಡನ್ನು ತಾನೇ ಬಿಚ್ಚಿಡುತ್ತಾನೆ. ಅದು ಅವನ ದುರಾಸೆಯಲ್ಲ, ಮನೆಬಾಡಿಗೆಯ ಒತ್ತಡ. ಪ್ರೆಸ್ ಕೆಲಸಕ್ಕೆ ದಿನಗೂಲಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಅಳಿಯ ಬೆಂಗಳೂರಿನ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸ ಮಾಡುವಾಗ ಮೂರನೇ ಮಹಡಿಯಿಂದ ಬಿದ್ದು ತೀರಿಕೊಂಡ. ವಯಸ್ಸು 28, ದಿನಕ್ಕೆ 800 ರೂ. ಕೂಲಿ. ಕರೆದೊಯ್ದ ಮೇಸ್ತ್ರಿಯ ಫೋನ್ ಬಂದ್ ಆಗಿದೆ. ಬಿಲ್ಡರ್ "ಅವನು ನನ್ನ ಆಳಲ್ಲ" ಎನ್ನುತ್ತಾರೆ. ಮಗಳಿಗೆ ಎರಡು ಸಣ್ಣ ಮಕ್ಕಳು. ಪದೇ ಪದೇ ಬೆಂಗಳೂರಿಗೆ ಹೋಗುವ ಶಕ್ತಿ ನಮಗಿಲ್ಲ.
— ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಬೆಂಗಳೂರಿಗೆ ಹೋಗಿ ಕೇಸ್ ಹಾಕಬೇಕಾಗಿಲ್ಲ. ಹಕ್ಕುದಾರರು ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಯಾದಗಿರಿಯಲ್ಲೇ ಸಲ್ಲಿಸಿ.

ಮೇಸ್ತ್ರಿ ಸಿಗದಿದ್ದರೂ ಚಿಂತೆಯಿಲ್ಲ. ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಆ ಕೆಲಸದಾಳುಗಳ ಪರಿಹಾರಕ್ಕೆ ನೇರ ಹೊಣೆ. ಕಟ್ಟಡ ಕಟ್ಟುವುದೇ ಬಿಲ್ಡರ್‌ನ ವ್ಯವಹಾರ, ಸೆಂಟ್ರಿಂಗ್ ಅದರ ಭಾಗ. ಅವರು ಹಣ ಕೊಟ್ಟು ಆಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಲಿ. ಅರ್ಜಿಯಲ್ಲಿ ಬಿಲ್ಡರ್, ಮೇಸ್ತ್ರಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಿ.

ಲೆಕ್ಕ ಹೀಗಿದೆ. ಸಾವಿಗೆ ಸಂಬಳದ ಶೇ. 50. ದಿನಕ್ಕೆ 800ರಂತೆ ತಿಂಗಳಿಗೆ 26 ದಿನ ಹಿಡಿದರೂ 15,000 ದಾಟುವುದರಿಂದ ಮಿತಿಯ 15,000ವನ್ನೇ ಹಿಡಿಯಬೇಕು. ಅದರ ಅರ್ಧ 7,500, 28ನೇ ವಯಸ್ಸಿನ ಗುಣಕ 211.79, ಒಟ್ಟು 15,88,425 ರೂ. ಅಂತ್ಯಕ್ರಿಯೆಯ ಖರ್ಚು ಬೇರೆ: ಹಳೆಯ ಕಾಯ್ದೆಯಲ್ಲಿ ಕನಿಷ್ಠ 5,000 ಇದ್ದದ್ದು ಸಂಹಿತೆಯಲ್ಲಿ 15,000 ಆಗಿದೆ. ತಡವಾದರೆ ಬಡ್ಡಿಯೇ ವರ್ಷಕ್ಕೆ 1,90,611 ರೂ. ಆಗುತ್ತದೆ.

ಸಾವಿನ ಪರಿಹಾರವನ್ನು ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು ಎಂಬುದು ನಿಯಮ. ಮನೆಗೆ ಬಂದು ನಗದು ಕೊಟ್ಟು ಫೋಟೊ ತೆಗೆಸಿಕೊಂಡರೆ ಅದು ಪರಿಹಾರ ಕೊಟ್ಟಂತಲ್ಲ. ಶವ ಸಾಗಿಸುವಾಗ ಕೈಗಿಟ್ಟ ಹಣವನ್ನು ತೋರಿಸಿ "ಮುಗಿಯಿತು" ಎನ್ನುವುದು ತುಂಬ ಕಡೆ ನಡೆಯುತ್ತದೆ. ಮುಂಗಡವಾಗಿ ಕೊಟ್ಟದ್ದರಲ್ಲಿ ಮೂರು ತಿಂಗಳ ಸಂಬಳದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲು ಅವಕಾಶವಿದೆ. ವಿಧವೆ, ಚಿಕ್ಕ ಮಕ್ಕಳು, ವಿಧವೆಯಾದ ತಾಯಿ ಇವರು ಅವಲಂಬಿತರೆಂದು ಬೇರೆ ಸಾಕ್ಷಿ ಕೊಡಬೇಕಿಲ್ಲ. ಮಕ್ಕಳ ಪಾಲನ್ನು ಸಾಮಾನ್ಯವಾಗಿ ಅವರ ಹೆಸರಲ್ಲಿ ಠೇವಣಿ ಇಡಿಸುತ್ತಾರೆ. ಅದರಿಂದ ಮಗಳಿಗೆ ಒಳ್ಳೆಯದೇ.

ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಪಂಚನಾಮೆ ಈ ಮೂರರ ದೃಢೀಕೃತ ಪ್ರತಿ ಪೊಲೀಸ್ ಠಾಣೆಯಿಂದ ಬೇಕು. ಜೊತೆಗೆ ಕೆಲಸಕ್ಕೆ ಹೋಗಿದ್ದ ಊರಿನವರಲ್ಲಿ ಇಬ್ಬರ ಹೇಳಿಕೆ ಈಗಲೇ ಬರೆಸಿಡಿ. ಸುಗ್ಗಿ ಮುಗಿದ ಮೇಲೆ ಅವರು ಬೇರೆ ಸೈಟ್‌ಗೆ ಹೋದರೆ ಹುಡುಕುವುದು ಕಷ್ಟ. ಅಳಿಯ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿದ್ದರೆ ಅಲ್ಲಿಯ ಅಪಘಾತ ಸಹಾಯಧನಕ್ಕೂ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಮೂಲಕ ಅರ್ಜಿ ಹಾಕಿ. ಅದು ಬಂದಿತೆಂದು ಬಿಲ್ಡರ್ ಕೊಡಬೇಕಾದದ್ದು ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ, ಇಎಸ್‌ಐ ಕಾರ್ಡ್ ಇದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಟೆಂಪೊ ಮಗುಚಿ ಭುಜದ ಮೂಳೆ ಮುರಿಯಿತು. "ಫ್ಯಾಕ್ಟರಿ ಗೇಟಿನ ಹೊರಗೆ ಆದದ್ದು, ರಜೆ ಹಾಕಿಕೊ" ಎಂದು ಎಚ್‌ಆರ್‌ನವರು ಹೇಳುತ್ತಾರೆ.
— ಓದುಗರು, ಮದ್ದೂರು

ಉತ್ತರ: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲಿ ಆದ ಅಪಘಾತವೂ, ಸಮಯ ಮತ್ತು ಸ್ಥಳಕ್ಕೆ ಕೆಲಸದ ಜೊತೆ ಸಂಬಂಧವಿದ್ದರೆ, ಕೆಲಸದಲ್ಲಿ ಆದದ್ದೇ. ಇಎಸ್‌ಐ ಕಾಯ್ದೆಗೆ 2010ರಲ್ಲೇ ಇದು ಸೇರಿದೆ. ಇಎಸ್‌ಐ ಇಲ್ಲದವರಿಗೂ ಇದು ಅನ್ವಯ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು ಪಾಳಿಗೆ ಹೋಗುವಾಗ ಕಾರ್ಖಾನೆಯಿಂದ 5 ಕಿ.ಮೀ. ದೂರದಲ್ಲಿ ಅಪಘಾತದಲ್ಲಿ ತೀರಿಕೊಂಡ ಪ್ರಕರಣ ಅದು.

ರಜೆ ಹಾಕಬೇಡಿ. ರಜೆ ಅರ್ಜಿ ಕೊಟ್ಟರೆ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಅಪಘಾತ ವರದಿ, ಅಂದರೆ ಫಾರಂ 12, ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಬೇಕು. ಅದನ್ನು ಕಳಿಸುವುದು ಕಾರ್ಖಾನೆಯ ಕರ್ತವ್ಯ. ಕಳಿಸದಿದ್ದರೆ ನೀವೇ ಬ್ರಾಂಚ್ ಮ್ಯಾನೇಜರ್‌ಗೆ ಬರೆದುಕೊಡಿ: ಮನೆ ಬಿಟ್ಟ ಸಮಯ, ಪಾಳಿ ಶುರುವಾಗುವ ಸಮಯ, ದಾರಿ, ಟೆಂಪೊ ನಂಬರ್. ಪೊಲೀಸ್ ದೂರಿನ ಪ್ರತಿ ಲಗತ್ತಿಸಿ. ಕೆಲಸದ ಗಾಯ ಎಂದು ಒಪ್ಪಿದರೆ ಗುಣವಾಗುವವರೆಗೆ ದಿನಗೂಲಿಯ ಶೇ. 90 ನೇರ ಖಾತೆಗೆ ಬರುತ್ತದೆ. ಬರೀ ಕಾಯಿಲೆ ಎಂದು ಬರೆದರೆ ಶೇ. 70, ಅದೂ ವರ್ಷಕ್ಕೆ 91 ದಿನ ಮಾತ್ರ. ಕಾಯಿಲೆಗೆ ಇಂತಿಷ್ಟು ದಿನದ ವಂತಿಗೆ ಕಟ್ಟಿರಬೇಕೆಂಬ ನಿಯಮವಿದೆ. ಕೆಲಸದ ಗಾಯಕ್ಕೆ ಅದಿಲ್ಲ, ಸೇರಿದ ಮೊದಲ ದಿನವೇ ಆದರೂ ಸರಿ. ಈ ಅವಧಿಯಲ್ಲಿ "ಸುಮ್ಮನೆ ಬಂದು ಕೂತು ಥ್ರೆಡ್ ಕಟ್ ಮಾಡು" ಎಂದರೆ ಹೋಗಬೇಡಿ. ಸಂಬಳ ಪಡೆದ ದಿನಕ್ಕೆ ಭತ್ಯೆ ಇಲ್ಲ, ಎರಡೂ ಪಡೆದರೆ ತಪ್ಪು ನಿಮ್ಮ ತಲೆಗೆ. ಇದೇ ಅವಧಿಯಲ್ಲಿ ನಿಮ್ಮನ್ನು ಕೆಲಸದಿಂದ ತೆಗೆಯುವಂತೆಯೂ ಇಲ್ಲ.

ಚಿಕಿತ್ಸೆ ಮುಗಿದ ಮೇಲೂ ಕೈ ಪೂರ್ತಿ ಮೇಲೇಳದಿದ್ದರೆ ಮೆಡಿಕಲ್ ಬೋರ್ಡ್‌ಗೆ ಕಳಿಸಿ ಎಂದು ಅರ್ಜಿ ಕೊಡಿ. ಉದಾಹರಣೆಗೆ ದಿನಗೂಲಿ 500, ಬೋರ್ಡ್ ಹೇಳಿದ ನಷ್ಟ ಶೇ. 15 ಎಂದಿಟ್ಟುಕೊಳ್ಳಿ. 450ರ ಶೇ. 15, ಅಂದರೆ ದಿನಕ್ಕೆ 67.50 ರೂ. ಜೀವಮಾನವಿಡೀ ಬರುತ್ತದೆ. ಮತ್ತೆ ಪೂರ್ತಿ ಸಂಬಳಕ್ಕೆ ಕೆಲಸಕ್ಕೆ ಸೇರಿದರೂ ಅದು ನಿಲ್ಲುವುದಿಲ್ಲ. ಈ ಅರ್ಜಿ ಹಾಕದೆ ಬಿಟ್ಟ ಹೆಣ್ಣುಮಕ್ಕಳು ಬಹಳ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಟ್ಯಾಂಕಿನಲ್ಲಿ ಪಂಪ್ ಕಟ್ಟಿಕೊಂಡಿದೆ. ಗುತ್ತಿಗೆದಾರ "ಹುಡುಗ ಮಾಸ್ಕ್ ಹಾಕಿಕೊಂಡು ಐದು ನಿಮಿಷ ಇಳಿದು ತೆಗೆಯುತ್ತಾನೆ, ನೀವು ಒಂದು ಪತ್ರ ಕೊಡಿ" ಎನ್ನುತ್ತಿದ್ದಾರೆ. ಸಂಘದ ಕಾರ್ಯದರ್ಶಿಯಾಗಿ ನಾನು ಸಹಿ ಮಾಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಬೇಡ. ಆ ಹುಡುಗ ಇಳಿಯಲೂ ಬಾರದು.

ಕೆಸರು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಮೇಲೇಳುತ್ತದೆ. ಇಳಿಯುವ ಮೊದಲು ಇಲ್ಲದ ಗ್ಯಾಸ್ ಇಳಿದ ಮೇಲೆ ಬರುವುದು ಹೀಗೆ. ಕೊಳೆತ ಮೊಟ್ಟೆಯ ವಾಸನೆ ಇರುವವರೆಗೆ ಎಚ್ಚರಿಕೆಯಾದರೂ ಸಿಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ತಲುಪಿದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. 1,000 ಮುಟ್ಟಿದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಧೂಳಿನ ಮಾಸ್ಕ್, ಒದ್ದೆ ಬಟ್ಟೆ ಯಾವುದೂ ಇದನ್ನು ತಡೆಯುವುದಿಲ್ಲ. ದೀಪ ಹಚ್ಚಿ ನೋಡುವ ಹಳೆಯ ಪದ್ಧತಿ ಇನ್ನೂ ಅಪಾಯ, ಒಳಗೆ ಮೀಥೇನ್ ಇದ್ದರೆ ಸಿಡಿಯುತ್ತದೆ. ಒಬ್ಬ ಬಿದ್ದಾಗ ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಸಾಯುವುದು ಇಂಥ ಅಪಘಾತಗಳಲ್ಲಿ ಮತ್ತೆ ಮತ್ತೆ ಆಗಿದೆ.

ಸುರಕ್ಷತಾ ಸಾಧನವಿಲ್ಲದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ನೀವು ಕೊಟ್ಟ ಪತ್ರ ನಿಮ್ಮನ್ನು ಕಾಪಾಡುವುದಿಲ್ಲ, ನಿಮಗೆ ವಿಷಯ ಗೊತ್ತಿತ್ತು ಎಂದು ತೋರಿಸಿಕೊಡುತ್ತದೆ. ಚರಂಡಿ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ.

ಸಕ್ಕಿಂಗ್ ಯಂತ್ರದ ಟ್ಯಾಂಕರ್ ಕರೆಸಿ, ಟ್ಯಾಂಕ್ ಖಾಲಿ ಮಾಡಿಸಿ, ಪಂಪನ್ನು ಮೇಲಿನಿಂದಲೇ ಎತ್ತಿಸಿ. ಎತ್ತಲು ಬರದಿದ್ದರೆ ತಪ್ಪು ಜೋಡಣೆಯದು. ಸಬ್‌ಮರ್ಸಿಬಲ್ ಪಂಪನ್ನು ಗೈಡ್ ರೈಲ್ ಮೇಲೆ ಕೂರಿಸಿ ಸ್ಟೇನ್‌ಲೆಸ್ ಸರಪಳಿ ಕಟ್ಟಿದ್ದರೆ ಮುಚ್ಚಳ ತೆಗೆದು ಮೇಲಿನಿಂದಲೇ ಎಳೆದುಕೊಳ್ಳಬಹುದು. ಈ ಬಾರಿಯ ರಿಪೇರಿಯಲ್ಲೇ ಹಾಗೆ ಮಾಡಿಸಿ, ಯಾರೂ ಎಂದೂ ಇಳಿಯುವ ಪ್ರಮೇಯವೇ ಬರುವುದಿಲ್ಲ. ಯಾರಾದರೂ ಒಳಗೆ ಬಿದ್ದರೆ 112ಕ್ಕೆ ಕರೆ ಮಾಡಿ, ಗಾಳಿ ಊದುವ ಬ್ಲೋವರ್ ಇದ್ದರೆ ಪೈಪನ್ನು ಒಳಗೆ ಬಿಡಿ, ಉಳಿದವರನ್ನು ತಡೆದು ನಿಲ್ಲಿಸಿ. ಉಸಿರಾಟದ ಸಿಲಿಂಡರ್ ಇರುವ ಅಗ್ನಿಶಾಮಕ ಸಿಬ್ಬಂದಿಯೇ ಇಳಿಯಬೇಕು.

ಪ್ರಶ್ನೆ: ಒಕ್ಕಣೆ ಯಂತ್ರಕ್ಕೆ ಕೂಲಿಯವರೊಬ್ಬರ ಕೈ ಸಿಕ್ಕಿತು. ಹೊಲದ ಕೆಲಸಕ್ಕೂ ಪರಿಹಾರದ ಕಾನೂನು ಇದೆಯೇ? ಯಂತ್ರ ಕೊಳ್ಳುವಾಗ ಏನು ನೋಡಬೇಕು?
— ಓದುಗರು, ಚಿಕ್ಕನಾಯಕನಹಳ್ಳಿ

ಉತ್ತರ: ಇದೆ. ಯಂತ್ರದಿಂದ ಕೊಯ್ಲು, ಒಕ್ಕಣೆ ಮಾಡುವವರು ಮತ್ತು ಕೀಟನಾಶಕ ಸಿಂಪಡಿಸುವವರು ಪರಿಹಾರ ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ಮೊದಲ ಉತ್ತರದಲ್ಲಿ ಹೇಳಿದ ಲೆಕ್ಕ, ಎರಡು ವರ್ಷದ ಗಡುವು ಇಲ್ಲೂ ಅನ್ವಯ. ಯಂತ್ರದ ಮಾಲೀಕರು ಆಳುಗಳನ್ನೂ ಕರೆತಂದಿದ್ದರೆ ಅವರನ್ನೂ ಎದುರುದಾರರಾಗಿ ಸೇರಿಸಿ.

ಕೊಳ್ಳುವಾಗ ಟೇಪ್ ಹಿಡಿದು ಹೋಗಿ. ಕಂತೆ ತುರುಕುವ ಬಾಯಿಯ ತಗಡು ಕನಿಷ್ಠ 900 ಮಿ.ಮೀ. ಉದ್ದವಿರಬೇಕು, ಅದರಲ್ಲಿ ಡ್ರಮ್ ಕಡೆಯ 450 ಮಿ.ಮೀ. ಮೇಲಿನಿಂದ ಮುಚ್ಚಿರಬೇಕು. ಹಾಗಿದ್ದರೆ ಕೈ ಚಾಚಿದರೂ ಡ್ರಮ್ ಮುಟ್ಟುವುದಿಲ್ಲ. ಆ ಮುಚ್ಚಳವನ್ನು ಬೇಗ ತುಂಬಲು ಅಡ್ಡಿ ಎಂದು ಕತ್ತರಿಸಿ ತೆಗೆಸಿರುವ ಯಂತ್ರ ಬಾಡಿಗೆಗೆ ಬಂದರೆ ವಾಪಸ್ ಕಳಿಸಿ. ಟ್ರ್ಯಾಕ್ಟರ್‌ನಿಂದ ಯಂತ್ರಕ್ಕೆ ಶಕ್ತಿ ತರುವ ಪಿಟಿಒ ಶಾಫ್ಟ್ ಮತ್ತು ಬೆಲ್ಟ್ ಮೇಲೆ ಕವರ್ ಇರಲಿ. ಸೆರಗು, ಟವೆಲ್, ಸಡಿಲ ಬಳೆ ಬೇಡ, ಜಡೆ ಕಟ್ಟಿ ತಲೆಗೆ ಬಟ್ಟೆ ಸುತ್ತಿಕೊಳ್ಳಲಿ. ಕಸ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಡ್ರಮ್ ಪೂರ್ತಿ ನಿಂತ ಮೇಲೆ ಕೋಲಿನಿಂದ ತೆಗೆಯಬೇಕು. ಕತ್ತಲಾದ ಮೇಲೆ ಒಂದೇ ಬಲ್ಬಿನ ಬೆಳಕಲ್ಲಿ ಒಕ್ಕಣೆ ಮುಗಿಸುವ ಆತುರ ಬೇಡ, ಉಳಿದದ್ದನ್ನು ಮರುದಿನ ಬೆಳಿಗ್ಗೆ ಮಾಡಿ.